ಅಕ್ಕನಿಗೆ ಹುಂಜ ಹೊಡೆದಾಗ ನಕ್ಕವರೆಲ್ಲ ಉತ್ತರ ಕೊಡಿ

ಮೊಣಕಾಲ ಹಿಂದೆ ಎರಡು ತೂತು. ಅದನ್ನು ನೋಡಿಯೂ ನಗು ಹೇಗೆ ಬಂತು ನಿಮಗೆ?

ಅಕ್ಕ ಮಾಡಿದ್ದಾದರೂ ಏನು? ಬಕೆಟ್ ಕೆಳಗಿಟ್ಟು ಬಗ್ಗಿದರು, ಅಷ್ಟೇ. ಆ ನೀಲಿ ಬಕೆಟ್ ಗೂಡಿನ ಹತ್ತಿರ ತರಬೇಡಿ ಅಂತ ಎಷ್ಟು ಸಲ ಹೇಳಿದ್ದಾಗಿದೆ, ಆ ಮಾತು ಈಗ ಬೇಡ. ಹುಂಜ ನೇರವಾಗಿ ಬರಲಿಲ್ಲ. ಅಡ್ಡಡ್ಡ ಹೆಜ್ಜೆ ಹಾಕಿತು, ಒಂದು ರೆಕ್ಕೆ ನೆಲಕ್ಕೆ ಇಳಿಸಿತು, ಕುತ್ತಿಗೆ ಗರಿ ಕೊಡೆ ಬಿಚ್ಚಿದ ಹಾಗೆ ಬಿಚ್ಚಿತು, ಕಾಳಿಲ್ಲದ ನೆಲವನ್ನು ಎರಡು ಸಲ ಕುಕ್ಕಿತು. ಕಣದ ಅಂಚಲ್ಲಿ ನಿಂತಿದ್ದ ಐದು ಜನಕ್ಕೂ ಮೈಮೇಲೆ ಬೀಳೋ ಮುಂಚಿನ ಈ ಸೂಚನೆ ಕಂಡಿದೆ. ಒಬ್ಬರೂ ಬಾಯಿ ಬಿಡಲಿಲ್ಲ. ಅಕ್ಕ ಬೆನ್ನು ತಿರುಗಿಸಿದ್ದೇ ತಡ, ಎರಡೂ ಕಾಲು ಮುಂದೆ ಚಾಚಿ ಹಾರಿತು. ಅವರು ಓಡಿದರು, ಅದು ಅಟ್ಟಿಸಿಕೊಂಡು ಹೋಯಿತು, ಹಲಸಿನ ಮರ ಸುತ್ತಿ ಸೌದೆ ಕೊಟ್ಟಿಗೆವರೆಗೆ. ಮಳೆಗೆ ತಲೆ ಮೇಲೆ ಹಾಕಿದ್ದ ಪ್ಲಾಸ್ಟಿಕ್ ಕೊಪ್ಪೆ ಜಾರಿ ಕೆಸರಿಗೆ ಬಿತ್ತು. "ಒಂದು ಕೋಳಿಗೆ ಹೀಗೆ ಹೆದರೋದಾ ಅಕ್ಕಾ?" ಅಂತ ಒಬ್ಬ. ಫೋನ್ ಎತ್ತಿ ವಿಡಿಯೋ ಮಾಡಿದವನು ಇನ್ನೊಬ್ಬ. ಅರವತ್ತು ದಾಟಿದ ಹೆಂಗಸು, ಕಾಲಲ್ಲಿ ರಕ್ತ, ಕೆಸರಲ್ಲಿ ಕೈ ಹಾಕಿ ಒಂಟಿ ಚಪ್ಪಲಿ ಹುಡುಕುತ್ತಿದ್ದರು. ನಗು ನಿಲ್ಲಲೇ ಇಲ್ಲ.

ಹುಂಜದ ಕಾಲಿನ ಮುಳ್ಳು ಅಂದರೆ ಏನು ಅಂದುಕೊಂಡಿದ್ದೀರಿ? ಹೊರಗೆ ಕೊಂಬಿನಂಥ ಕವಚ, ಒಳಗೆ ಮೂಳೆ. ಕೋಳಿಹಿಕ್ಕೆ, ಕೆಸರು ಎಲ್ಲ ಮೆತ್ತಿಕೊಂಡ ಮೊಳೆ ಅದು. ತೂತು ಸಣ್ಣದು, ಆದರೆ ಆಳಕ್ಕೆ ಹೋಗಿ ಬಾಯಿ ಮುಚ್ಚಿಕೊಳ್ಳುತ್ತೆ, ಕೊಳೆ ಒಳಗೇ ಉಳಿದು ಕೀವಾಗುತ್ತೆ. "ಅರಿಶಿನ ಹಾಕಿ ಬಿಡಿ" ಅಂದವರು ಕೇಳಿ: ಮೊದಲು ಸೋಪು ಹಾಕಿ ಹರಿಯೋ ನೀರಲ್ಲಿ ಚೆನ್ನಾಗಿ ತೊಳೀಬೇಕು. ಹಿಂದಿನ ಟಿಟಿ ಇಂಜೆಕ್ಷನ್ ಆಗಿ 5 ವರ್ಷ ದಾಟಿದ್ದರೆ ಇವತ್ತೇ ಆಸ್ಪತ್ರೆಗೆ ಹೋಗಬೇಕು. ಇದು ಅಕ್ಕನ ಕಾಲಿಗೆ ಬಿತ್ತು. ಅಲ್ಲೇ ಆಡುತ್ತಿದ್ದ ಮಗುವಿಗೆ ಅದೇ ಎತ್ತರದಲ್ಲಿ ಇರೋದು ಕಣ್ಣು.

ಸಾರು ಮಾಡಿಬಿಡಿ ಅಂತೀರಿ. ಮಾಡಬೇಕು, ಇವತ್ತೇ ಮಾಡಬೇಕು! ಮೊಟ್ಟೆಗೆ ಹುಂಜ ಬೇಕೇ ಇಲ್ಲ, ಮರಿ ಮಾಡಿಸೋದಕ್ಕೆ ಮಾತ್ರ ಬೇಕು. ಹುಂಜ ಹೋದಮೇಲೂ ಸುಮಾರು ಎರಡು ವಾರ ಹೇಂಟೆಗಳು ಮರಿಯಾಗೋ ಮೊಟ್ಟೆಯನ್ನೇ ಇಡ್ತವೆ. ಆದರೂ ಇದರ ಮೊಟ್ಟೆಗೆ ಕಾವು ಕೂರಿಸಬೇಡಿ, ಈ ಸಿಟ್ಟು ಮರಿಗಳಿಗೂ ಇಳಿಯಬಹುದು.

ಆದರೆ ಗಿಡುಗದ ನೆರಳು ಬಿದ್ದ ತಕ್ಷಣ ಕೂಗಿ ಮರಿಗಳನ್ನೆಲ್ಲ ಕಾಫಿ ಗಿಡದ ಬುಡಕ್ಕೆ ಓಡಿಸೋದು ಇದೇ ಹುಂಜ. ಏನು ಮಾಡೋದು, ಇರಲಿ ಬಿಡಿ ಅನಿಸುತ್ತೆ. ಮತ್ತೆ ಆ ಎರಡು ತೂತು ನೆನಪಾಗುತ್ತೆ.

ತಪ್ಪು ಅದರದ್ದೊಂದೇ ಅಂತ ಹೇಗೆ ಹೇಳೋದು? ಐದಾರು ತಿಂಗಳಿಗೆ ಪ್ರಾಯ ಬಂದಾಗಲೇ ಇವು ಜನರನ್ನು ಪರೀಕ್ಷೆ ಮಾಡೋಕೆ ಶುರು ಮಾಡ್ತವೆ. ಆಗ ಗಮ್‌ಬೂಟಲ್ಲಿ ಒದ್ದು ಒದ್ದು ಆಟ ಆಡಿದವರು ಯಾರು? ಒದೆ ಅಂದರೆ ಅದಕ್ಕೆ ಇನ್ನೊಂದು ಹುಂಜ ಜಗಳಕ್ಕೆ ಬಂದ ಹಾಗೆ. ನಾಲ್ಕು ಹೇಂಟೆಗೆ ಎರಡು ಹುಂಜ ಬಿಟ್ಟವರು ಯಾರು? ಒಂದು ಹುಂಜಕ್ಕೆ ಎಂಟು-ಹತ್ತು ಹೇಂಟೆ ಬೇಕು. ಇಲ್ಲದಿದ್ದರೆ ಹೇಂಟೆಗಳ ಬೆನ್ನಿನ ಗರಿ ಉದುರುತ್ತೆ, ನಮ್ಮವುಗಳ ಬೆನ್ನು ನೋಡಿ ಬನ್ನಿ. ಅದರ ಮೇಲೆ ಜೂನ್‌ನಿಂದ ಈ ಮಳೆ. ದಿನಗಟ್ಟಲೆ ಸಣ್ಣ ಗೂಡಲ್ಲಿ ಎರಡು ಹುಂಜ ಮುಖಾಮುಖಿ ಕೂತರೆ ಬಾಗಿಲು ತೆಗೆದ ಕೂಡಲೇ ಏನಾಗುತ್ತೆ?

ಹುಂಜ ಮೇಲೆ ಬಂದರೆ ಓಡಬಾರದು, ಹೊಡೆಯಲೂಬಾರದು. ಮುಖ ಅದರ ಕಡೆಗೇ ಇರಲಿ, ಬಕೆಟ್ ಮುಚ್ಚಳವೋ ಹಲಗೆಯೋ ಕಾಲಿಗೆ ಅಡ್ಡ ಹಿಡಿದು ನಿಧಾನವಾಗಿ ಮುಂದಕ್ಕೇ ಒಂದು ಹೆಜ್ಜೆ ಇಡಿ. ಅದು ದಾರಿ ಬಿಟ್ಟು ತನ್ನ ಪಾಡಿಗೆ ನೆಲ ಕೆದರೋಕೆ ಶುರು ಮಾಡೋವರೆಗೆ ಜಾಗ ಬಿಡಬೇಡಿ. ಅದರ ಎದುರಿಗೆ ಹೇಂಟೆ ಹಿಡಿಯಬೇಡಿ. ಇದನ್ನು ಅಕ್ಕನಿಗೆ ಮೊದಲೇ ಯಾಕೆ ಯಾರೂ ಹೇಳಿಕೊಡಲಿಲ್ಲ? ಯಾರಾದರೂ ಹೇಳಿ!

ಒಂದು ಹುಂಜ ಈ ವಾರ ಹೋಗಲೇಬೇಕು. ಯಾವುದು ಅಂತ ಕೇಳಬೇಡಿ, ಬೆಳಿಗ್ಗೆ ಒಂದು ಅನಿಸಿತ್ತು, ಈಗ ಇನ್ನೊಂದು. ಮುಳ್ಳಿನ ಕೆಲಸ ಮಾತ್ರ ಇವತ್ತು ರಾತ್ರಿಯೇ ಆಗಬೇಕು. ಕತ್ತಲಲ್ಲಿ ಅದಕ್ಕೆ ಕಣ್ಣು ಕಾಣಲ್ಲ, ಕೂತಲ್ಲಿಂದ ಸುಮ್ಮನೆ ಎತ್ತಬಹುದು. ರೆಕ್ಕೆ ಎರಡೂ ಮೈಗೆ ಒತ್ತಿ ಕಂಕುಳಲ್ಲಿ ಹಿಡಿದು, ಗೋಣಿಚೀಲದಲ್ಲಿ ಸುತ್ತಿ, ತಲೆ ಮೇಲೆ ಬಟ್ಟೆ ಹಾಕಬೇಕು. ಅರದಿಂದ ಮುಳ್ಳಿನ ತುದಿಯನ್ನು ಮಾತ್ರ ಉಜ್ಜಿ ಮೊಂಡು ಮಾಡಬೇಕು. ಬುಡದ ಕಡೆ ಹೋದರೆ ರಕ್ತನಾಳ ಇದೆ, ನೋವೂ ಆಗುತ್ತೆ. ರಕ್ತ ಬಂದರೆ ಶುದ್ಧ ಬಟ್ಟೆಯಲ್ಲಿ ಕೆಲವು ನಿಮಿಷ ಒತ್ತಿ ಹಿಡಿಯಬೇಕು. ಮತ್ತೆ ಬೆಳೆಯುತ್ತೆ, ಮತ್ತೆ ಉಜ್ಜಬೇಕು.

ಇದು ಒಬ್ಬರ ಕೈಯಲ್ಲಿ ಆಗೋ ಕೆಲಸ ಅಲ್ಲ. ವಿಡಿಯೋ ಮಾಡಿದವನೇ, ಎಂಟು ಗಂಟೆಗೆ ಟಾರ್ಚ್ ಹಿಡಿಯೋಕೆ ಬಾ. ಬರುವಾಗ ಅಕ್ಕನ ಇನ್ನೊಂದು ಚಪ್ಪಲಿ ಹುಡುಕಿಕೊಂಡು ಬಾ.