ಉರುಮಿ ಕೊಟ್ರಿ, ಕಠಾರಿ ಎಲ್ಲಿ?

ನಿನ್ನೆ ರಾತ್ರಿ ಏಜ್ ಆಫ್ ಎಂಪೈರ್ಸ್ 2 ಅನ್ನೋ ಕಂಪ್ಯೂಟರ್ ಗೇಮ್ ಆಡ್ತಾ ಇದ್ದೆ. ಯಾವಾಗ್ಲೂ ತಗೊಳೋ ಹಾಗೆ ದ್ರಾವಿಡಿಯನ್ಸ್ ಅನ್ನೋ ದಕ್ಷಿಣ ಭಾರತದ ಪಡೆ ತಗೊಂಡಿದ್ದೆ, ಎದುರಿಗಿದ್ದೋನು ಬರೀ ಕುದುರೆ ಕಳಿಸ್ತಿದ್ದ, ಸರಿ ಅಂತ ಬ್ಯಾರಕ್ಸ್‌ಗೆ ಹೋಗಿ ಈಟಿಯವರ ಅಪ್‌ಗ್ರೇಡ್ ಒತ್ತಿದೆ. ಸ್ಪಿಯರ್‌ಮನ್ ಹೋಗಿ ಪೈಕ್‌ಮನ್ ಆದ, ಪೈಕ್‌ಮನ್ ಹೋಗಿ ಹ್ಯಾಲ್ಬರ್ಡಿಯರ್ ಆದ. ಇಪ್ಪತ್ತು ವರ್ಷದಿಂದ ಇದೇ ಬಟನ್ ಒತ್ಕೊಂಡ್ ಬಂದಿದೀನಿ, ನಿನ್ನೆ ಮಾತ್ರ ಯಾಕೋ ಮನಸ್ಸು ಅಲ್ಲೇ ಸಿಕ್ಕಾಕೊಂಡ್‌ಬಿಡ್ತು. ಹ್ಯಾಲ್ಬರ್ಡ್ ಅಂದ್ರೆ ಉದ್ದ ಕೋಲಿನ ತುದಿಗೆ ಕೊಡಲಿ, ಅದರ ಮೇಲೊಂದು ಚೂಪು ಮೊನೆ, ಹಿಂದುಗಡೆ ಒಂದು ಕೊಕ್ಕೆ. ಸ್ವಿಟ್ಜರ್ಲೆಂಡಿನ ಬೆಟ್ಟದ ಜನ ಕುದುರೆ ಮೇಲಿರೋ ನೈಟ್‌ಗೆ, ಅಂದ್ರೆ ಕವಚ ತೊಟ್ಟ ಸವಾರನಿಗೆ, ಕೊಕ್ಕೆ ಹಾಕಿ ಕೆಳಗೆ ಎಳೆದು ಹೊಡೆಯೋಕೆ ಇಟ್ಕೊಂಡಿದ್ದ ಆಯುಧ ಅದು. ಚೋಳರ ಕಾಲಾಳು, ವಿಜಯನಗರದ ಕಾಲಾಳು ಕೈಗೆ ಅದು ಹೆಂಗ್ ಬಂತು?

ಗೇಮ್ ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ತೀನಿ. ಊರು ಕಟ್ಟೋದು, ಮರ ಕಡಿಯೋದು, ಚಿನ್ನ ತೆಗೆಯೋದು, ಸೈನ್ಯ ಮಾಡಿ ಪಕ್ಕದೋನ ಮೇಲೆ ಬೀಳೋದು, ಇಷ್ಟೇ. 1999ರಲ್ಲಿ ಬಂದಾಗ ಅದ್ರಲ್ಲಿ 13 ನಾಗರಿಕತೆ ಇತ್ತು, ಮಾರನೇ ವರ್ಷ ಕಾಂಕರರ್ಸ್ ಅಂತ ಹೆಚ್ಚುವರಿ ಭಾಗ ಬಂದಾಗ ಇನ್ನೈದು ಸೇರ್ತು, 18ರಲ್ಲಿ ಒಂದೂ ನಮ್ದಲ್ಲ. ಹಾಸನದ ಸೈಬರ್ ಸೆಂಟರ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡ್ತಿದ್ದ ಕಾಲದಲ್ಲಿ ನಾನೂ ನಮ್ ಚಿಕ್ಕಪ್ಪನ ಮಗನೂ ಪರ್ಷಿಯನ್ಸ್ ನಂಗೆ ನಿಂಗೆ ಅಂತ ಕಿತ್ತಾಡ್ತಿದ್ವಿ, ಯಾಕಂದ್ರೆ ಆನೆ ಇದ್ದಿದ್ದು ಅವ್ರೊಬ್ಬರ ಹತ್ರಾನೇ. ಅಲ್ಲಿಂದ ಬಸ್ ಹತ್ತಿದ್ರೆ ಒಂದು ಗಂಟೆಯೊಳಗೆ ಹಳೇಬೀಡು. ಅಲ್ಲಿ ಹೊಯ್ಸಳೇಶ್ವರ ಗುಡಿ ಸುತ್ತ ಗೋಡೆಯ ಕೆಳಗಿನ ಸಾಲು ನೋಡಿ, ಒಂದರ ಹಿಂದೆ ಒಂದು ಬರೀ ಆನೆಗಳು. ಗೇಮ್‌ನಲ್ಲಿ ಮಾತ್ರ ಆನೆ ಬೇಕಂದ್ರೆ ನಾವು ಪರ್ಷಿಯಾದವರಾಗ್ಬೇಕಿತ್ತು.

ಹಾಗಾಗಿ 2022ರ ಏಪ್ರಿಲ್‌ನಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಅನ್ನೋ ಹೆಚ್ಚುವರಿ ಭಾಗ ಬಂದಾಗ ನಂಗೆ ಆದ ಖುಷಿ ಅಷ್ಟಿಷ್ಟಲ್ಲ. ಅದಕ್ಕೆ ಮುಂಚೆ ಇಂಡಿಯನ್ಸ್ ಅಂತ ಒಂದೇ ಒಂದು ಇತ್ತು, 2013ರಲ್ಲಿ ಸೇರಿಸಿದ್ದು, ಇಡೀ ದೇಶನೇ ಒಂದು ಮೂಟೆ ಕಟ್ಟಿದ ಹಾಗೆ. 2022ರಲ್ಲಿ ಅದನ್ನ ಒಡೆದು ಹಿಂದುಸ್ತಾನಿ, ಗುರ್ಜರ, ಬೆಂಗಾಲಿ, ದ್ರಾವಿಡ ಅಂತ ನಾಲ್ಕು ಮಾಡಿದ್ರು. ಗುರ್ಜರರಿಗೆ ಚಕ್ರ ಎಸೆಯೋರು ಬಂದ್ರು, ಬೆಂಗಾಲಿಗಳಿಗೆ ರಥ ಬಂತು, ದ್ರಾವಿಡರಿಗೆ ತಿರಿಸಡೈ ಅನ್ನೋ ಹಡಗು, ಉರುಮಿ ಹಿಡ್ದಿರೋ ಸೈನಿಕ, ರಾಜೇಂದ್ರ ಚೋಳನ ಮೇಲೆ ಒಂದು ಕ್ಯಾಂಪೇನ್, ಅಂದ್ರೆ ಕಥೆಯ ಹಾಗೆ ಒಂದಾದ ಮೇಲೊಂದು ಆಡೋ ಯುದ್ಧಗಳು. ಮಾಡಿದೋರು ಕಷ್ಟಪಟ್ಟಿದಾರೆ, ಪ್ರೀತಿಯಿಂದ ಮಾಡಿದಾರೆ. ಅದಕ್ಕೇ ಈ ಮಾತು ಹೇಳ್ಬೇಕು ಅನ್ಸಿದ್ದು. ಪ್ರೀತಿ ಇಲ್ದೆ ಮಾಡಿದ್ರೆ ನಾನು ಇಷ್ಟುದ್ದ ಬರೀತಾನೇ ಇರ್ಲಿಲ್ಲ.

ಉರುಮಿಯಿಂದ್ಲೇ ಶುರು ಮಾಡ್ತೀನಿ. ಬೆಲ್ಟ್ ಥರ ಸೊಂಟಕ್ಕೆ ಸುತ್ಕೊಳೋ ಬಳುಕೋ ಕತ್ತಿ, ಕೇರಳದ ಕಳರಿಯಲ್ಲಿ ಕೊನೆಕೊನೆಗೆ ಕಲಿಸೋದು, ಯಾಕಂದ್ರೆ ಬೀಸೋಕೆ ಗೊತ್ತಿಲ್ದಿದ್ರೆ ಮೊದ್ಲು ಕುಯ್ಯೋದು ಬೀಸಿದೋನ ಮೈಯನ್ನೇ. ಗೇಮ್‌ನಲ್ಲಿ ಅವ್ನಿಗೆ ಒಂದು ಚಾರ್ಜ್ ಕೊಟ್ಟಿದಾರೆ, ಅದು ತುಂಬಿದಾಗ ಸುತ್ತ ನಿಂತಿರೋರಿಗೆಲ್ಲ ಒಟ್ಟಿಗೆ ಏಟು ಬೀಳುತ್ತೆ. ನೋಡೋಕೆ ಚೆಂದ, ಆಡೋಕೆ ಮಜಾ, ತೆಗೀರಿ ಅಂತ ನಾನು ಖಂಡಿತ ಹೇಳಲ್ಲ. ಆದ್ರೆ ಯೋಚ್ನೆ ಮಾಡಿ, ನಲವತ್ತು ಜನ ಭುಜಕ್ಕೆ ಭುಜ ತಾಗಿಸ್ಕೊಂಡು ನಿಂತು ಉರುಮಿ ಬೀಸಿದ್ರೆ ಯಾರ್ಯಾರಿಗೆ ತಾಗುತ್ತೆ? ಅದು ಒಬ್ಬೊಂಟಿಯಾಗಿ, ಸುತ್ತ ಜಾಗ ಇದ್ದಾಗ ಆಡೋ ಆಯುಧ. ಒಂದು ಸೀಮೆಯ ಒಂದು ವಿದ್ಯೆಯನ್ನ ಇಡೀ ದಕ್ಷಿಣದ ಸೈನ್ಯದ ಮುಖ ಮಾಡ್ಬಿಟ್ರು, ನಿಜವಾಗ್ಲೂ ನಮ್ಮೋರು ಕೈಯಲ್ಲಿ ಹಿಡ್ದಿದ್ದು ಯಾವ್ದೂ ಬರ್ಲೇ ಇಲ್ಲ. ನಂಗಿರೋ ಬೇಜಾರು ಇದೊಂದೇ.

ನಿಜವಾಗ್ಲೂ ಏನು ಹಿಡ್ದಿದ್ರು ಅಂತ ತಿಳ್ಕೊಳೋಕೆ ದೊಡ್ಡ ರಿಸರ್ಚ್ ಏನೂ ಬೇಡ ಕಣ್ರೀ. ನಮ್ಮ ಅಜ್ಜಿ ಊರಲ್ಲಿ ಕೆರೆ ಏರಿ ಪಕ್ಕ ಒಂದು ವೀರಗಲ್ಲಿದೆ, ಅರ್ಧ ಮಣ್ಣಲ್ಲಿ ಹೂತಿದೆ, ಹಬ್ಬದ ದಿನ ಅರಿಶಿನ ಕುಂಕುಮ ಬೀಳುತ್ತೆ, ಉಳಿದ ದಿನ ಅದಕ್ಕೆ ಎಮ್ಮೆ ಕಟ್ತಾರೆ. ತುಂಬಾ ವೀರಗಲ್ಲುಗಳಲ್ಲಿ ಇರೋ ಹಾಗೆ ಮೂರು ಅಂಕಣ. ಮೇಲೆ ಲಿಂಗದ ಮುಂದೆ ಕೂತಿರೋ ವೀರ, ನಡುವೆ ಅಪ್ಸರೆಯರು ಅವನನ್ನ ಕರ್ಕೊಂಡು ಹೋಗ್ತಿರೋದು, ಕೆಳಗೆ ಕಾಳಗ. ಹೋದ್ ಸಲ ಹೋದಾಗ ಕೂತು ಕೈಯಲ್ಲಿ ಮಣ್ಣು ಉಜ್ಜಿ ಕೆಳಗಿನ ಅಂಕಣ ನೋಡ್ದೆ. ಬಲಗೈಯಲ್ಲಿ ಗಿಡ್ಡ ಅಗಲ ಕತ್ತಿ, ಎಡಗೈಯಲ್ಲಿ ದುಂಡಗಿನ ಗುರಾಣಿ, ಸೊಂಟದ ಪಟ್ಟಿಗೆ ಅಡ್ಡಡ್ಡ ಸಿಕ್ಕಿಸಿರೋ ಬಾಕು, ಎದುರಿಗೆ ಇಬ್ರು ಬಿಲ್ಲು ಹಿಡ್ದಿದಾರೆ, ಒಬ್ಬ ಈಟಿ ಎತ್ತಿದಾನೆ, ಕಾಲ ಹತ್ರ ಮೂರು ದನ. ಮೈಮೇಲೆ ಕಬ್ಬಿಣದ ಕವಚ ಇಲ್ಲ, ಸೊಂಟಕ್ಕೆ ಬಿಗಿದ ಕಚ್ಚೆ ಅಷ್ಟೇ. ಆ ದನಗಳು ಯಾಕೆ ಅಂದ್ರೆ ತುರುಗೋಳು. ಪಕ್ಕದೂರೋರು ದನ ಹೊಡ್ಕೊಂಡು ಹೋಗೋಕೆ ಬಂದಾಗ ಅಡ್ಡ ನಿಂತು ಸತ್ತೋನ ಕಲ್ಲು ಅದು. ಈ ಗೇಮ್ ಆಡೋರಿಗೆ ಗೊತ್ತು, ಶುರುವಲ್ಲೇ ಎದುರಾಳಿ ಕುರಿ ಕದ್ಕೊಂಡು ಬರೋದು ದೊಡ್ಡ ಕೆಲ್ಸ, ಅದಕ್ಕೋಸ್ಕರ ಮೊದಲ ಐದು ನಿಮಿಷದಲ್ಲೇ ಜಗಳ ಆಗುತ್ತೆ. ನಮ್ಮ ಹಳ್ಳಿಗಳಲ್ಲಿ ಅದೇ ಜಗಳಕ್ಕೆ ಕಲ್ಲು ನಿಲ್ಸಿದಾರೆ.

ದೊಡ್ಡ ಯುದ್ಧದ ಚಿತ್ರ ಬೇಕು ಅಂದ್ರೆ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಬೇಗೂರಿನ ಕಲ್ಲು ಇದೆ, ಗಂಗರ ಕಾಲದ್ದು. ನಾಗತ್ತರ ಅನ್ನೋನು ಆನೆಗಳ ಎದುರು ಹೋರಾಡಿ ಸತ್ತಿದ್ದಕ್ಕೆ ಹಾಕ್ಸಿದ್ದು. ಗೇಮ್ ಮಾಡೋರು ಒಂದು ಮಧ್ಯಾಹ್ನ ಅದರ ಮುಂದೆ ನಿಂತಿದ್ರೂ ಸಾಕಿತ್ತು.

ನನ್ನ ಪಟ್ಟಿಯಲ್ಲಿ ಮೊದಲನೇದು ಕಠಾರಿ. ಇದೊಂದು ಬಂದ್ರೆ ಸಾಕು ಅನ್ನೋವಷ್ಟು ಆಸೆ ನಂಗೆ. ಮಾಮೂಲಿ ಚೂರಿ ಹಿಡಿ ಅಲಗಿನ ನೇರಕ್ಕೇ ಇರುತ್ತೆ, ಕಠಾರಿದು ಹಾಗಲ್ಲ. ಎರಡು ಕಬ್ಬಿಣದ ಪಟ್ಟಿ ಮಣಿಕಟ್ಟಿನ ಎರಡೂ ಪಕ್ಕ ಹಿಂದಕ್ಕೆ ಬರುತ್ತೆ, ಮಧ್ಯ ಅಡ್ಡಲಾಗಿ ಒಂದು ಹಿಡಿ, ಏಣಿಯ ಮೆಟ್ಟಿಲು ಹಿಡ್ಕೊಂಡ ಹಾಗೆ ಹಿಡ್ಕೋಬೇಕು. ಮುಷ್ಟಿ ಕಟ್ಟಿದ್ರೆ ಅಲಗು ಗೆಣ್ಣಿನಿಂದ ನೇರ ಮುಂದಕ್ಕೆ ಚಾಚಿರುತ್ತೆ. ಅಂದ್ರೆ ಗುದ್ದಿದ್ರೆ ಸಾಕು, ಭುಜದ ಅಷ್ಟೂ ಬಲ ಮೊನೆಗೆ ಹೋಗುತ್ತೆ, ಸರಪಳಿ ಕವಚದ ಬಳೆ ಬಿಟ್ಕೊಂಡು ಒಳಗೆ ಇಳಿಯುತ್ತೆ. ವಿಜಯನಗರದ ಕಡೆಯ ಹಳೇ ಕಠಾರಿಗಳಲ್ಲಿ ಬೆರಳು ಕಾಯೋಕೆ ಮೇಲೊಂದು ಹೆಡೆ ಥರ ಮುಚ್ಚಳನೂ ಇರುತ್ತೆ. ಡಯಾಬ್ಲೋ 2 ಅನ್ನೋ ಇನ್ನೊಂದು ಗೇಮ್ ಆಡಿದೋರಿಗೆ ನೆನಪಿರ್ಬೋದು, 2001ರಲ್ಲಿ ಬಂದ ಅಸಾಸಿನ್ ಅನ್ನೋ ಪಾತ್ರಕ್ಕೆ ಕಠಾರ್ ಅನ್ನೋ ಹೆಸ್ರಲ್ಲೇ ಆಯುಧ ಇತ್ತು. ರಾಕ್ಷಸರು ಭೂತಗಳು ಇರೋ ಕಥೆಗೆ ನಮ್ಮ ಕಠಾರಿ ಬಂತು, ನಮ್ಮದೇ ಚರಿತ್ರೆ ಇರೋ ಗೇಮ್‌ಗೆ ಬರ್ಲಿಲ್ಲ. ಉರುಮಿಯೋನ ಪಕ್ಕ ಕಠಾರಿಯೋನು ಒಬ್ಬ ಬರ್ಲಿ, ಮೈ ತುಂಬ ಕವಚ ಇರೋರ ಮೇಲೆ ಅವ್ನ ಏಟು ಜೋರಾಗಿರ್ಲಿ, ಬಾಣದ ಮುಂದೆ ಬೇಗ ಸಾಯ್ಲಿ. ಎರಡು ಗುಣ ಕೊಟ್ರೆ ಅವ್ನು ಯಾರು ಅಂತ ಆಡೋನಿಗೆ ತಾನಾಗೇ ಗೊತ್ತಾಗುತ್ತೆ.

ಇನ್ನು ಆನೆ. ಕಾಂಬೋಡಿಯಾದ ಖ್ಮೇರ್‌ಗಳಿಗೆ ಈ ಗೇಮ್‌ನಲ್ಲಿ ಟಸ್ಕ್ ಸ್ವಾರ್ಡ್ಸ್ ಅಂತ ಒಂದು ಟೆಕ್ನಾಲಜಿ ಇದೆ, ದಂತಕ್ಕೆ ಕತ್ತಿ ಕಟ್ಟೋದು, ಅವ್ರ ಆನೆಗಳ ಅಟ್ಯಾಕ್ 3 ಜಾಸ್ತಿ ಆಗುತ್ತೆ. ಖ್ಮೇರ್‌ಗಳಿಗೆ ಕೊಟ್ಟಿದ್ದು ತಪ್ಪು ಅಂತಲ್ಲ, ಇರ್ಲಿ. ಆದ್ರೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ನುನಿಜ್ ರಾಯರ ಆನೆಗಳ ದಂತಕ್ಕೆ ಸಾಣೆ ಹಿಡಿದ ಕತ್ತಿ ಕಟ್ಟಿದ್ರು, ಮೇಲೆ ಅಂಬಾರಿಯಿಂದ ಜನ ಹೋರಾಡ್ತಿದ್ರು ಅಂತ ಬರ್ದಿಟ್ಟು ಹೋಗಿದಾನೆ. ಅದಕ್ಕಿಂತ ಮುಂಚೆ ಬೀದರ್‌ನಲ್ಲಿದ್ದ ರಷ್ಯಾದ ನಿಕಿತಿನ್‌ ಕೂಡ ಬಹಮನಿ ಆನೆಗಳ ಬಗ್ಗೆ ಇಂಥದ್ದೇ ಬರೀತಾನೆ. ಎರಡು ದೇಶದ ಇಬ್ರು, ಒಬ್ಬರಿಗೊಬ್ರು ಸಂಬಂಧ ಇಲ್ದೋರು, ತುಂಗಭದ್ರೆ ಆ ಕಡೆ ಒಬ್ಬ ಈ ಕಡೆ ಒಬ್ಬ ಇದ್ದು ಬರ್ದಿರೋದು. ಇಷ್ಟು ಸಾಕ್ಷಿ ಇರೋ ಆಯುಧ ನಮ್ಮ ಆನೆಗೆ ಯಾಕಿಲ್ಲ?

ಕುದುರೆ ವಿಷ್ಯದಲ್ಲಿ ಮಾತ್ರ ನಾನು ಗೇಮ್ ಕಡೆ. ದ್ರಾವಿಡಿಯನ್ಸ್‌ಗೆ ನೈಟ್ ಇಲ್ಲ, ಕುದುರೆ ದುರ್ಬಲ ಅಂತ ತುಂಬಾ ಜನ ಬೈತಾರೆ. ಆದ್ರೆ ನಮ್ಮ ಕಡೆ ಒಳ್ಳೇ ಕುದುರೆ ಹುಟ್ತಿರ್ಲಿಲ್ಲ, ವಿಜಯನಗರದ ಅರಸರು ವರ್ಷಕ್ಕೆ 13,000 ಹೊರ್ಮುಜ್ ಬಂದರಿನ ಕುದುರೆ ಕೊಂಡ್ಕೋತಿದ್ರು ಅಂತ ಅದೇ ನುನಿಜ್ ಲೆಕ್ಕ ಕೊಡ್ತಾನೆ. ಹಾಗಾದ್ರೆ ಅದನ್ನೇ ಆಟಕ್ಕೆ ತನ್ನಿ, ಬಂದರು ಕಟ್ಟಿ ಚಿನ್ನ ಸುರಿದ್ರೆ ಮಾತ್ರ ದೊಡ್ಡ ಕುದುರೆ ಸಿಗೋ ಹಾಗೆ ಮಾಡಿ.

ಈಗ ನಂಗೆ ತುಂಬಾ ಹತ್ತಿರದ ವಿಷ್ಯ. ದ್ರಾವಿಡಿಯನ್ಸ್‌ಗೆ ವೂಟ್ಜ್ ಸ್ಟೀಲ್ ಅಂತ ಒಂದು ಟೆಕ್ ಇದೆ, ಅದು ಮಾಡ್ಕೊಂಡ್ರೆ ನಮ್ಮ ಕಾಲಾಳು ಏಟಿಗೆ ಎದುರಾಳಿ ಕವಚ ಲೆಕ್ಕಕ್ಕೇ ಬರಲ್ಲ. ಈ ವೂಟ್ಜ್ ಅನ್ನೋ ಪದ ಎಲ್ಲಿಂದ ಬಂತು ಗೊತ್ತಾ? ಉಕ್ಕು. ನಾವು ದಿನಾ ಆಡೋ ಉಕ್ಕು, ತೆಲುಗಿನವ್ರದ್ದೂ ಅದೇ ಪದ. ಇಂಗ್ಲಿಷರ ಬಾಯಿಗೆ ಬರವಣಿಗೆಗೆ ಸಿಕ್ಕಿ ವೂಟ್ಜ್ ಆಯ್ತು, 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪಿಯರ್ಸನ್ ಅನ್ನೋರು ಇದರ ಮೇಲೆ ಪ್ರಬಂಧ ಓದೋ ಹೊತ್ತಿಗೆ ಆ ಹೆಸರು ಗಟ್ಟಿಯಾಗಿತ್ತು. ಮಾಡ್ತಿದ್ದ ರೀತಿ ಎಷ್ಟು ಚೆನ್ನಾಗಿದೆ ಅಂದ್ರೆ, ಮಣ್ಣಿನ ಚಿಕ್ಕ ಮೂಸೆ, ಅದರೊಳಗೆ ಮೆದು ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಟ್ಟಿಗೆ ಚೂರು, ಒಂದೆರಡು ಹಸಿರೆಲೆ, ಬಾಯಿಗೆ ಮಣ್ಣು ಮೆತ್ತಿ ಕುಲುಮೆಗೆ ಇಟ್ಟು ತಿದಿ ಒತ್ತೋದು. ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಸೇರಿ, ನಿಧಾನಕ್ಕೆ ಆರಿ, ಒಡೆದಾಗ ಅಂಗೈಯಲ್ಲಿ ಹಿಡಿಯೋವಷ್ಟು ಉಕ್ಕಿನ ಗಟ್ಟಿ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ಬುಕಾನನ್ ಇದನ್ನ ನೋಡಿ ಬರ್ಕೊಂಡಿದಾನೆ. ಗೇಮ್‌ನಲ್ಲಿ ಇದೆಲ್ಲ ಒಂದು ಬಟನ್, ಕೆಳಗೆ ಎರಡು ಸಾಲು ವಿವರಣೆ. ಆ ಎರಡು ಸಾಲಲ್ಲಿ ಉಕ್ಕು ಅಂತ ಮೂಲ ಹೆಸರು ಹಾಕ್ಬೇಕು ಅನ್ನೋದು ನನ್ನ ಬೇಡಿಕೆ, ಅದಕ್ಕೆ ಯಾವ ಖರ್ಚೂ ಇಲ್ಲ.

ಕೆಲವ್ರು ಕೇಳ್ತಾರೆ, ಇಷ್ಟೆಲ್ಲ ಸೇರಿಸಿದ್ರೆ ಬ್ಯಾಲೆನ್ಸ್ ಹಾಳಾಗಲ್ವಾ, ಟೂರ್ನಮೆಂಟ್ ಆಡೋರ ಗತಿ ಏನು ಅಂತ. ಭಯ ನಂಗೂ ಅರ್ಥ ಆಗುತ್ತೆ, ರ‍್ಯಾಂಕ್ಡ್ ನಾನೂ ಆಡ್ತೀನಿ. ಆದ್ರೆ 2025ರ ಮೇನಲ್ಲಿ ಥ್ರೀ ಕಿಂಗ್‌ಡಮ್ಸ್ ಅನ್ನೋ ಹೆಚ್ಚುವರಿ ಭಾಗ ಬಂದಾಗ ಚೀನಾ ಕಡೆಯ ಬೆಂಕಿ ಈಟಿ, ರಾಕೆಟ್ ಗಾಡಿ, ಹಗ್ಗ ಎಳೆದು ಕಲ್ಲು ಹಾರಿಸೋ ಯಂತ್ರ ಎಲ್ಲಾ ಒಟ್ಟಿಗೆ ಬಂತು. ಗಲಾಟೆ ಆಯ್ತು, ತಿದ್ದಿದ್ರು, ಆಟ ನಡೀತಾನೇ ಇದೆ. ಅವ್ರಿಗೆ ಬೆಂಕಿ ಈಟಿ ತರೋಕೆ ಆಗಿದ್ದು ನಮ್ಮ ಕಠಾರಿಗೆ ಯಾಕಾಗಲ್ಲ? ಅಷ್ಟೂ ಬೇಡ ಅಂದ್ರೆ ಒಂದು ಕ್ಯಾಂಪೇನ್ ಮಾತ್ರ ಮಾಡಿ, 1520ರ ರಾಯಚೂರು. ಒಂದು ಕಡೆ ಆದಿಲ್ ಶಾಹನ ಫಿರಂಗಿಗಳು, ಇನ್ನೊಂದು ಕಡೆ ಕೃಷ್ಣದೇವರಾಯನ ಲೆಕ್ಕವಿಲ್ಲದಷ್ಟು ಕಾಲಾಳು, ಬಿಲ್ಲು, ಆನೆ, ಮುತ್ತಿಗೆ ಹೊತ್ತಲ್ಲಿ ಫಿಗೆರೆಡೊ ಅನ್ನೋ ಪೋರ್ಚುಗೀಸನ ಬಂದೂಕಿನವರು ಕೋಟೆ ಗೋಡೆ ಮೇಲೆ ತಲೆ ಎತ್ತಿದೋರನ್ನೆಲ್ಲ ಹೊಡೆದು ಕೆಳಗೆ ಕಲ್ಲು ಕೀಳೋರಿಗೆ ದಾರಿ ಮಾಡ್ಕೊಟ್ಟಿದ್ದು. ಹಳೇ ಆಯುಧ ಹೊಸ ಆಯುಧ ಒಂದೇ ಗೋಡೆ ಹತ್ರ ಎದುರುಬದುರಾದ ದಿನ ಅದು. ಇದಕ್ಕಿಂತ ಒಳ್ಳೇ ಮಿಷನ್ ಬರೆಯೋಕೆ ಆಗುತ್ತಾ?

ಇನ್ನೊಂದು ಮಾತು ಇದೆ, ಆಯುಧದ್ದಲ್ಲ. ದ್ರಾವಿಡಿಯನ್ಸ್ ಸೈನಿಕರ ಮೇಲೆ ಕ್ಲಿಕ್ ಮಾಡಿದ್ರೆ ತಮಿಳಲ್ಲಿ ಉತ್ತರ ಕೊಡ್ತಾರೆ. ಚೋಳರ ಕಥೆಗೆ ಅದು ಸರಿಯಾಗೇ ಇದೆ, ಯಾರೂ ಅದರ ಮೇಲೆ ಜಗಳ ತೆಗೀಬೇಡಿ ದಯವಿಟ್ಟು. ನಾನು ಕೇಳೋದು ಇಷ್ಟೇ, ಮುಂದೆ ಯಾವತ್ತಾದ್ರೂ ಹೊಯ್ಸಳರು ವಿಜಯನಗರ ಬೇರೆಯಾಗಿ ಬಂದ್ರೆ ಈಟಿಯೋನು ಕನ್ನಡದಲ್ಲಿ ಓಗೊಡ್ಲಿ.

ಅಲ್ಲಿವರೆಗೂ ನನ್ನ ಲ್ಯಾಪ್‌ಟಾಪ್‌ನಲ್ಲಿ ನಾನೇ ಒಂದು ಸಣ್ಣ ಮಾಡ್ ಮಾಡ್ಕೊಂಡಿದೀನಿ. ಗೇಮ್‌ನ ಹೆಸರುಗಳೆಲ್ಲ ಇರೋ ಟೆಕ್ಸ್ಟ್ ಫೈಲ್‌ನಲ್ಲಿ ಎರಡು ಸಾಲು ಬದಲಾಯಿಸೋದು ಅಷ್ಟೇ. ವೂಟ್ಜ್ ಸ್ಟೀಲ್ ಇದ್ದ ಕಡೆ ಉಕ್ಕು, ಹ್ಯಾಲ್ಬರ್ಡಿಯರ್ ಇದ್ದ ಕಡೆ ಈಟಿಗಾರ. ಇವತ್ತು ಚಿಕ್ಕಪ್ಪನ ಮಗ ಮನೆಗೆ ಬಂದಿದ್ದ, ಆಟದ ಮಧ್ಯೆ ಕ್ಯಾಸಲ್ ಕ್ಲಿಕ್ ಮಾಡಿ ಉಕ್ಕು ಅನ್ನೋ ಹೆಸರು ನೋಡ್ದ, ಇದ್ ಯಾವಾಗ ಬಂತೋ ಅಪ್‌ಡೇಟ್ ಅಂತ ಕೇಳ್ದ. ಯಾರಿಗಾದ್ರೂ ಬೇಕಿದ್ರೆ ಕಮೆಂಟಲ್ಲಿ ಹೇಳಿ, ಫೈಲ್ ಕಳಿಸ್ತೀನಿ.