ಆ ನಗು ಕೇಳಿ ಮೈ ಉರಿಯಿತು

ನಿನ್ನೆ ಅಣ್ಣನ ಮಗ ಒಂದು ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದ. ಕಾನೂನು ಓದುತ್ತಿರುವ ಹುಡುಗ, ಅವನ ಸ್ನೇಹಿತರೇ ಸೇರಿ ಮಾಡಿದ್ದು. ಅಮೆರಿಕದ ಜಡ್ಜ್ ರಿಚರ್ಡ್ ಪೋಸ್ನರ್ ಬಗ್ಗೆ ಉಪನ್ಯಾಸ. "ಅತ್ತೆ, ನಿಮಗೆ ಇಷ್ಟ ಆಗುತ್ತೆ ಬನ್ನಿ" ಅಂದ. ಹೋದೆ. ಕಾಫಿ ಚೆನ್ನಾಗಿತ್ತು.

ಮಾತಾಡಿದವರು ತಿಳಿದವರೇ. ಒಂದು ಗಂಟೆ ಹೊಗಳಿದರು. ಹಾರ್ವರ್ಡ್‌ನಲ್ಲಿ ಕ್ಲಾಸಿಗೇ ಮೊದಲು. ಕಾನೂನನ್ನು ಅರ್ಥಶಾಸ್ತ್ರದ ತಕ್ಕಡಿಗೆ ಹಾಕಿ 1973ರಲ್ಲಿ ಬರೆದ ಪುಸ್ತಕ. 1981ರಲ್ಲಿ ಅಧ್ಯಕ್ಷ ರೇಗನ್ ಶಿಕಾಗೋದ ಏಳನೇ ಸರ್ಕ್ಯೂಟ್ ಅಪೀಲು ಕೋರ್ಟಿಗೆ ನೇಮಿಸಿದ್ದು. ಅಲ್ಲಿ ಬರೆದ 3000ಕ್ಕೂ ಜಾಸ್ತಿ ತೀರ್ಪು. ಎಲ್ಲ ಸರಿ. ಕೊನೆಗೆ ಬಂದು, "2017ರಲ್ಲಿ ವಕೀಲರಿಲ್ಲದ ಕಕ್ಷಿದಾರರ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿ ರಾಜೀನಾಮೆ ಕೊಟ್ಟು ಎದ್ದು ಹೋದರು. ವಯಸ್ಸು 78 ಆಗಿತ್ತಲ್ಲ" ಅಂದುಬಿಟ್ಟರು. ಸಭೆ ಗೊಳ್ಳೆಂದು ನಕ್ಕಿತು.

ನನಗೆ ಮೈ ಉರಿಯಿತು.

ನಿಮಗೆಲ್ಲ ಗೊತ್ತೇ ಇದೆ, 26 ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವಳು ನಾನು. ಬೆರಳಿನ ಗಂಟುನೋವು ಅಲ್ಲಿಂದ ತಂದ ಪೆನ್ಷನ್. ವಕೀಲರಿಲ್ಲದೆ ತಾವೇ ನಿಲ್ಲುವವರಿಗೆ ನಮ್ಮಲ್ಲಿ 'ಪಾರ್ಟಿ ಇನ್ ಪರ್ಸನ್' ಅನ್ನುತ್ತಾರೆ. ಅವರ ಕೇಸ್ ಕೂಗಿದ ತಕ್ಷಣ ಹಾಲ್‌ನಲ್ಲಿ ಏನಾಗುತ್ತೆ ಅಂತ ನನ್ನನ್ನು ಕೇಳಿ. ವಕೀಲರು ಗಡಿಯಾರ ನೋಡುತ್ತಾರೆ. ಬೆಂಚ್ ಕ್ಲರ್ಕ್ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಾರೆ. ಆತ ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ಕಾಗದ ತೆಗೆಯುತ್ತಾ ಇರುತ್ತಾನೆ. ನಿನ್ನೆಯ ನಗು ಆ ಹುಬ್ಬಿನದೇ ಅಣ್ಣತಮ್ಮ.

ಅಮೆರಿಕದಲ್ಲಿ ಎಲ್ಲ ಬೇರೆ ಇರುತ್ತೆ ಅಂದುಕೊಂಡಿದ್ದೆ. ಅಲ್ಲೂ ಫೆಡರಲ್ ಅಪೀಲು ಕೋರ್ಟುಗಳಿಗೆ ಬರುವ ಕೇಸುಗಳಲ್ಲಿ ಅರ್ಧದ ಆಸುಪಾಸು ವಕೀಲರಿಲ್ಲದವೇ. ಬಹಳಷ್ಟು ಜೈಲಿನಿಂದ ಬಂದವು. ಮೂವರು ಜಡ್ಜ್‌ಗಳ ಮುಂದೆ ನಿಂತು ವಾದ ಮಾಡುವ ಅವಕಾಶ ಇವರಿಗೆ ಅಪರೂಪ. ಕೋರ್ಟಿನ ಸಿಬ್ಬಂದಿ ವಕೀಲರು ಕಡತ ಓದಿ ಟಿಪ್ಪಣಿ ಬರೆದು, ಆದೇಶದ ಕರಡನ್ನೂ ಇಡುತ್ತಾರೆ. ಜಡ್ಜ್ ಹೂಂ ಅಂದರೆ ಮುಗಿಯಿತು. ಪೋಸ್ನರ್‌ಗೆ ಚುಚ್ಚಿದ್ದು ಇದೇ. ಆ ಟಿಪ್ಪಣಿ, ಕರಡು ಎಲ್ಲ ಮೊದಲು ನನ್ನ ಕೈಗೆ ಕೊಡಿ, ನಾನು ನೋಡಿ ತಿದ್ದುತ್ತೇನೆ ಅಂದರು. ಜತೆಯ ಜಡ್ಜ್‌ಗಳು ಒಪ್ಪಲಿಲ್ಲ. ಸೆಪ್ಟೆಂಬರ್ 1ಕ್ಕೆ ಹೇಳಿದರು, 2ಕ್ಕೆ ಬಿಟ್ಟರು. ಅಲ್ಲಿ ಫೆಡರಲ್ ಜಡ್ಜ್ ಹುದ್ದೆ ಜೀವನಪೂರ್ತಿ. ಕುರ್ಚಿಯಿಂದ ಯಾರೂ ಎಬ್ಬಿಸುತ್ತಿರಲಿಲ್ಲ. ಇದಕ್ಕೆ ನಾವು ನಗಬೇಕು.

2015ರ ಒಂದು ಕೇಸು ಹೇಳುತ್ತೇನೆ. ಇಂಡಿಯಾನಾದ ಒಬ್ಬ ಕೈದಿ, ವಕೀಲರಿಲ್ಲ. ಆತನಿಗೆ ಆಸಿಡ್ ಮೇಲೆ ಬಂದು ಎದೆಯುರಿ. ಮಾತ್ರೆ ಝಾಂಟ್ಯಾಕ್. ನಮ್ಮ ಮನೆಗಳ ಡಬ್ಬಿಯಲ್ಲಿ ರಾಂಟ್ಯಾಕ್ ಅಂತ ಇರುತ್ತಿತ್ತಲ್ಲ, ಅದೇ ಔಷಧ. ಜೈಲಿನ ಊಟ ಬೆಳಗಿನ ಜಾವ 4ಕ್ಕೆ, ಸಂಜೆ 4ಕ್ಕೆ. ಮಾತ್ರೆ ಕೊಡುತ್ತಿದ್ದುದು ಬೆಳಿಗ್ಗೆ 9:30ಕ್ಕೆ, ರಾತ್ರಿ 9:30ಕ್ಕೆ. ಯಾವಾಗ ನುಂಗಿದರೂ ಒಂದೇ ಅಂತ ಜೈಲಿನ ಡಾಕ್ಟರ ಹೇಳಿಕೆ. ಕೆಳಗಿನ ಕೋರ್ಟು ಅದನ್ನೇ ನಂಬಿತ್ತು. ಪೋಸ್ನರ್ ಇಂಟರ್ನೆಟ್ ತೆರೆದು ಆ ಮಾತ್ರೆಯ ಬಗ್ಗೆ ಓದಿದರು. ಎದೆಯುರಿ ಬರದಿರಲು ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ತಗೋಬೇಕು ಅಂತ ಅಲ್ಲಿತ್ತು. ಕೇಸನ್ನು ಕೆಳಗೆ ವಾಪಸ್ ಕಳಿಸಿದರು. ನಮ್ಮಮ್ಮ ಕೂಡ ಇಂಟರ್ನೆಟ್ ಇಲ್ಲದೆ ಇದನ್ನೇ ಹೇಳುತ್ತಿದ್ದರು ಅನ್ನುವುದು ಬೇರೆ ವಿಷಯ.

ಜತೆಗಿದ್ದ ಜಡ್ಜ್ ಡೇವಿಡ್ ಹ್ಯಾಮಿಲ್ಟನ್ ಇದಕ್ಕೆ ಆಕ್ಷೇಪ ಬರೆದರು. ದಾಖಲೆಯಲ್ಲಿ ಇಲ್ಲದ್ದನ್ನು ಜಡ್ಜ್ ತಾನೇ ಹುಡುಕಿಕೊಂಡು ಹೋಗಬಾರದು ಅಂತ. ನಿಯಮ ನನಗೂ ಗೊತ್ತು ಸ್ವಾಮಿ, 26 ವರ್ಷ ಅದನ್ನೇ ಟೈಪ್ ಮಾಡಿದ್ದೇನೆ. ಆದರೆ ಜೈಲಿನಲ್ಲಿ ಕೂತವನು ಸಾಕ್ಷಿ ಹೇಳಲು ತಜ್ಞ ಡಾಕ್ಟರನ್ನು ಎಲ್ಲಿಂದ ತರಬೇಕು? ಕ್ಯಾಂಟೀನಿನಿಂದಲೇ?

ರಾಜೀನಾಮೆ ಆದಮೇಲೆ ಆಗಿನ ಮುಖ್ಯ ಜಡ್ಜ್ ಡಯಾನ್ ವುಡ್, ನಮ್ಮ ಸಿಬ್ಬಂದಿ ಈ ಕೇಸುಗಳನ್ನು ತುಂಬ ಕಾಳಜಿಯಿಂದ ನೋಡುತ್ತಾರೆ ಅಂದರು. ಇರಬಹುದು. ಕಾಳಜಿ ನಮ್ಮಲ್ಲೂ ಇತ್ತು. ಸಂಜೆ ಐದೂವರೆಯ ಬಸ್ಸೂ ಇತ್ತು.

ಈ ಮನುಷ್ಯ ದೇವರು ಅಂತ ನಾನೇನೂ ಹೇಳುತ್ತಿಲ್ಲ. ದತ್ತು ಕೊಡಲು ಮಕ್ಕಳು ಸಾಲುತ್ತಿಲ್ಲ, ಅದಕ್ಕೂ ಮಾರುಕಟ್ಟೆ ರೀತಿ ಯೋಚಿಸೋಣ ಅಂತ 1978ರಲ್ಲಿ ಇನ್ನೊಬ್ಬರ ಜತೆ ಸೇರಿ ಲೇಖನ ಬರೆದ ಪುಣ್ಯಾತ್ಮ. ಕೋಳಿ ಕಾರ್ಖಾನೆಯ ಕೆಲಸಗಾರರು ಊಟದ ಅರ್ಧ ಗಂಟೆಯಲ್ಲಿ ಕೋಟು, ಗ್ಲೌಸು ಬಿಚ್ಚಿ ಹಾಕುವ ಸಮಯಕ್ಕೂ ಸಂಬಳ ಕೇಳಿದರೆ, ತನ್ನ ಸಿಬ್ಬಂದಿಗೆ ಅದೇ ಬಟ್ಟೆ ತೊಡಿಸಿ ಸೆಕೆಂಡು ಎಣಿಸಿದರು. ಇಷ್ಟೇ ತಾನೇ ಅಂತ ಕೆಲಸಗಾರರ ವಿರುದ್ಧವೇ ತೀರ್ಪು. 2014ರಲ್ಲಿ. ದಿನವಿಡೀ ಕೋಳಿ ರಕ್ತದಲ್ಲಿ ನಿಂತ ಕಾಲಿಗೆ ಆ ಸೆಕೆಂಡು ಎಷ್ಟು ಉದ್ದ ಅಂತ ಯಾವ ಗಡಿಯಾರ ಹೇಳುತ್ತೆ? ಇಂಡಿಯಾನಾದಲ್ಲಿ ವೋಟಿಗೆ ಫೋಟೋ ಗುರುತಿನ ಚೀಟಿ ಬೇಕೇ ಬೇಕು ಅನ್ನುವ ಕಾನೂನನ್ನು 2007ರಲ್ಲಿ ಎತ್ತಿಹಿಡಿದು, ಆರು ವರ್ಷ ಬಿಟ್ಟು ತಪ್ಪಾಯಿತು ಅಂತ ಪುಸ್ತಕದಲ್ಲಿ ಬರೆದರು. ತಪ್ಪು ಒಪ್ಪಿಕೊಂಡರಲ್ಲ, ಅದು ದೊಡ್ಡದು. ಆದರೆ ಕಾನೂನು ಅಷ್ಟರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆದ್ದಾಗಿತ್ತು.

ಸಿಟ್ಟು ಬರಬೇಕಾದ ಜಾಗ ಇದು. 35 ವರ್ಷದ ನಿದ್ದೆಯಿಂದ ಎದ್ದೆ ಅಂತ ಪತ್ರಿಕೆಯವರಿಗೆ ಅವರೇ ಹೇಳಿದರು. ಇಷ್ಟು ಚುರುಕು ತಲೆ, ತನ್ನ ತೀರ್ಪನ್ನು ಸಹಾಯಕರಿಂದ ಬರೆಸದೆ ತಾನೇ ಕೂತು ಬರೆಯುತ್ತಿದ್ದ ಮನುಷ್ಯ, ವಕೀಲರಿಲ್ಲದವರ ಪಾಡು ಅವರಿಗೇ ಕಾಣಲು 35 ವರ್ಷ! ಅದಕ್ಕೆ ಬೈಯಿರಿ, ನಾನೂ ಬರುತ್ತೇನೆ. ಎದ್ದದ್ದಕ್ಕೆ ನಗಬೇಡಿ.

ಬಸ್ಸಿನಲ್ಲಿ ಬರುತ್ತಾ ಹುಡುಗ ಕೇಳಿದ, "ಅತ್ತೆ, ನೀವ್ಯಾಕೆ ಇಷ್ಟು ಸಿಟ್ಟಾಗ್ತೀರ?" ಅವನಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿ ಮೂರೋ ನಾಲ್ಕೋ ವರ್ಷ. ಒಬ್ಬ ಅಜ್ಜ, ಗದ್ದೆಗೆ ಹೋಗುವ ದಾರಿಯ ತಕರಾರು, ಆತನೂ ಪಾರ್ಟಿ ಇನ್ ಪರ್ಸನ್. ಇಂಗ್ಲಿಷ್‌ನಲ್ಲಿ ಎರಡು ಪುಟದ ಆದೇಶ. ಟೈಪ್ ಮಾಡಿದವಳು ನಾನೇ. ಕಾರಿಡಾರಿನಲ್ಲಿ ಅದನ್ನು ಹಿಡಿದು ಬಂದು, "ಅವ್ವಾ, ಇದ್ರಾಗ ಏನೈತಿ?" ಅಂದ. ಎರಡನೇ ಪುಟದ ಕೊನೆಯ ಸಾಲು ನನಗೆ ಬಾಯಿಪಾಠ ಇತ್ತು. ಬಸ್ಸಿಗೆ ಹೊತ್ತಾಗಿತ್ತು. "ನಿಮ್ಮ ವಕೀಲರನ್ನು ಕೇಳಿ ಅಜ್ಜ" ಅಂದು ಮೆಟ್ಟಿಲಿಳಿದೆ.