ಓದುವ ಮನಸ್ಸಿಗೆ ಶೇಕಡ 6 ಕರ

ನಗರ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಶೇ 6ರಂತೆ ಜನರಿಂದ ವಸೂಲಿ ಮಾಡಿದ ಗ್ರಂಥಾಲಯ ಕರವನ್ನು ಗ್ರಂಥಾಲಯಗಳಿಗೆ ದಾಟಿಸದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡಿವೆ ಎಂಬ ಸುದ್ದಿ ಯುಗಾದಿಯಷ್ಟೇ ನಿಯಮಿತವಾಗಿ ಬರುತ್ತದೆ. ಜೊತೆಗೆ ಒಬ್ಬಟ್ಟು ಮಾತ್ರ ಬರುವುದಿಲ್ಲ. ಈ ಸುದ್ದಿ ಓದಿ ಸಿಡುಕುವವರು ಅದರ ಹಿಂದಿರುವ ಕರುಣೆಯನ್ನು ಗಮನಿಸುವುದೇ ಇಲ್ಲ. ಇಂದು ಕಾದಂಬರಿ ಭಾರವಾದೀತೇ, ಹರಟೆ ತೀರಾ ಹಗುರವಾದೀತೇ, ಕವನಕ್ಕೆ ಮನಸ್ಸು ಹದವಾಗಿದೆಯೇ ಎಂದು ಕಪಾಟಿನ ಮುಂದೆ ನಿಂತು ತೊಳಲಾಡುವುದು ಎಂಥ ಹಿಂಸೆ ಎಂಬುದು ಓದುವ ಚಟವಿದ್ದವರಿಗೆಲ್ಲ ಗೊತ್ತು. ಆ ಹಿಂಸೆಯಿಂದ ಪ್ರಜೆಗಳನ್ನು ಪಾರುಮಾಡಬೇಕೆಂದರೆ ಕಪಾಟಿಗೆ ಹೊಸ ಪುಸ್ತಕವೇ ಬಾರದಂತೆ ನೋಡಿಕೊಳ್ಳಬೇಕು, ನೋಡಿಕೊಳ್ಳಲಾಗುತ್ತಿದೆ.

ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಈ ಸೇವೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಸಾಹಿತ್ಯವೆಲ್ಲ ಗಾಜಿನ ಬೀರುವಿನೊಳಗಿದೆ, ಬೀರುವಿಗೆ ಬೀಗವಿದೆ, ಬೀಗದ ಕೈ ಮೇಲ್ವಿಚಾರಕರ ಬಳಿ ಇದೆ, ಮೇಲ್ವಿಚಾರಕರು ವಾರದ ಅರ್ಧ ದಿನಗಳಲ್ಲಿ ಇನ್ನೊಂದು ಶಾಖೆಯ ಪ್ರಭಾರದಲ್ಲಿದ್ದಾರೆ. ಗಾಜಿನ ಮೇಲೆ ಕೂತ ಧೂಳನ್ನು ಬೆರಳಿನಿಂದ ಒರೆಸಿ ನೋಡಿದರೆ ಪುಸ್ತಕಗಳ ಬೆನ್ನಿನ ಮೇಲೆ 894.814 ಎಂಬ ಸಂಖ್ಯೆ ಕಾಣುತ್ತದೆ. ಪುಸ್ತಕಗಳನ್ನು ವಿಷಯಕ್ಕೊಂದು ಅಂಕಿ ಕೊಟ್ಟು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಅದು ಕನ್ನಡ ಸಾಹಿತ್ಯದ ವಿಳಾಸ. ಸಂಜೆಯ ಬೇಸರಕ್ಕೆ, ಸಾವಿನ ಮನೆಯಿಂದ ಬಂದ ರಾತ್ರಿಗೆ, ಸುಮ್ಮನೆ ನಗಬೇಕೆನಿಸಿದ ಭಾನುವಾರಕ್ಕೆ ಆ ಪದ್ಧತಿಯಲ್ಲಿ ಅಂಕಿಗಳಿಲ್ಲ. ಅದನ್ನು ಬಲ್ಲ ಒಬ್ಬ ಮನುಷ್ಯ ಮೇಜಿನ ಹಿಂದೆ ಕೂತಿರಬೇಕು. ಆ ಹುದ್ದೆ ಖಾಲಿ ಇದೆ.

ಇದೆಲ್ಲ ನಡೆಯುತ್ತಿರುವುದು ಎಸ್. ಆರ್. ರಂಗನಾಥನ್ ಅವರು ನೆಲೆಸಿದ್ದ ರಾಜ್ಯದಲ್ಲಿ ಎಂಬುದು ಹೆಮ್ಮೆಯ ಸಂಗತಿ. ಗಣಿತದ ಮೇಷ್ಟರಾಗಿದ್ದು ಗ್ರಂಥಪಾಲಕರಾದ ಆ ಮಹನೀಯರು 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರವೊಂದನ್ನು ಬೆಂಗಳೂರಿನಲ್ಲೇ ಕಟ್ಟಿದರು. 1931ರಷ್ಟು ಹಿಂದೆಯೇ ಅವರು ಮಂಡಿಸಿದ ಐದು ಸೂತ್ರಗಳಲ್ಲಿ ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದೊಂದು, ಓದುಗನ ಸಮಯ ಉಳಿಸಬೇಕು ಎಂಬುದಿನ್ನೊಂದು. ಎರಡನೆಯದನ್ನು ನಾವು ಅಕ್ಷರಶಃ ಪಾಲಿಸುತ್ತಿದ್ದೇವೆ. ಓದುಗ ಬೀರುವಿನ ಮುಂದೆ ಬಂದು, ಬೀಗ ನೋಡಿ, ಎರಡೇ ನಿಮಿಷದಲ್ಲಿ ಮನೆಗೆ ಮರಳುತ್ತಾನೆ.

ಹೊಸ ಪುಸ್ತಕ ಬಂದಾಗಲೂ ಅದು ಓದುಗನನ್ನು ಕೇಳಿಕೊಂಡು ಬಂದದ್ದಲ್ಲ. ಗ್ರಂಥಾಲಯಗಳಿಗಾಗಿ ಸರ್ಕಾರ ಮಾಡುವ ಸಗಟು ಖರೀದಿಯಲ್ಲಿ ಆಯ್ಕೆಯಾದ ಶೀರ್ಷಿಕೆಗೆ 300 ಪ್ರತಿ, ಬೆಲೆ ಪುಟದ ಲೆಕ್ಕದಲ್ಲಿ. ಪುಟಕ್ಕಿಷ್ಟು ಪೈಸೆ ಎಂದಾದ ಮೇಲೆ ಅಕ್ಷರ ದಪ್ಪವಾಗುವುದೂ ಅಂಚು ಅಗಲವಾಗುವುದೂ ಸಹಜ. ಚಿಕ್ಕದಾಗಿ, ಬಿಗಿಯಾಗಿ ಬರೆಯುವ ಕವಿಯೇ ಇಲ್ಲಿ ನಷ್ಟದ ವ್ಯವಹಾರ. ಖರೀದಿಯ ಆದೇಶಕ್ಕೆ ವರ್ಷಗಟ್ಟಲೆ ಕಾದ ಪ್ರಕಾಶಕನ ಮನಃಸ್ಥಿತಿಗೆ ಹೊಂದುವ ಪುಸ್ತಕವನ್ನು ಮಾತ್ರ ಇನ್ನೂ ಯಾರೂ ಬರೆದಂತಿಲ್ಲ.

ಬೀಗ ಬೀಳದ ಕಪಾಟೂ ಒಂದಿದೆ, ಸ್ಪರ್ಧಾತ್ಮಕ ಪರೀಕ್ಷೆಗಳದ್ದು. ಮನೆಯಲ್ಲಿ ಓದಲು ಜಾಗವಿಲ್ಲದ ಹುಡುಗ ಹುಡುಗಿಯರು ಬೆಳಗಿನಿಂದ ಬಾಗಿಲು ಮುಚ್ಚುವವರೆಗೆ ಅಲ್ಲೇ ಇರುತ್ತಾರೆ, ಕೈಯಲ್ಲಿ ತಮ್ಮದೇ ಗೈಡು, ಬಾಟಲಿಯಲ್ಲಿ ತಮ್ಮದೇ ನೀರು. ಆ ಕಪಾಟಿನ ಸಾಮಾನ್ಯ ಜ್ಞಾನ ನಾಲ್ಕು ವರ್ಷ ಹಳೆಯದು. ಈ ಮಕ್ಕಳ ಬಗ್ಗೆ ತಮಾಷೆ ಮಾಡಲು ನನಗೆ ಮನಸ್ಸಾಗದು. ಸರ್ಕಾರ ಇವರಿಗೆ ಕೊಟ್ಟಿರುವುದು ಒಂದು ಕುರ್ಚಿ ಮತ್ತು ತಿರುಗಿದರೆ ಸದ್ದು ಮಾಡುವ ಒಂದು ಫ್ಯಾನು.

ಸ್ಥಳೀಯ ಸಂಸ್ಥೆಗಳೇ, ಕೊಡಲು ಹಣವಿಲ್ಲ ಎಂದು ದಯವಿಟ್ಟು ಹೇಳಬೇಡಿ. ಸಾವಿರ ರೂಪಾಯಿ ಆಸ್ತಿ ತೆರಿಗೆ ಕಟ್ಟುವವನು ಅದರ ಮೇಲೆ 60 ರೂಪಾಯಿಯನ್ನು ಪುಸ್ತಕದ ಹೆಸರಿನಲ್ಲೇ ಕಟ್ಟುತ್ತಿದ್ದಾನೆ, ರಸೀದಿಯಲ್ಲಿ ಗ್ರಂಥಾಲಯ ಕರ ಎಂದು ಬೇರೆಯಾಗಿಯೇ ಮುದ್ರಿಸಿರುತ್ತೀರಿ. ಅದು ನಿಮ್ಮ ಹಣವಲ್ಲ, ನೀವು ಅದನ್ನು ದಾಟಿಸಬೇಕಾದವರು ಮಾತ್ರ. ನಾವು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ, ತಡಮಾಡಿದರೆ ಬಡ್ಡಿ. ವರ್ಷಗಟ್ಟಲೆ ತಡಮಾಡಿದ ನಿಮಗೆ ಬಡ್ಡಿ ಹಾಕುವವರು ಯಾರು?